ಸೇವಂತಿಗೆ ಬಿಡಿಸುವವರಿಗೆ ಬರುವ ನವೆಗೆ ಕಾರಣವೇನು?

ಪ್ರಶ್ನೆ (ಹೂವಿನ ಬೆಳೆಗಾರ, ಚಿಕ್ಕಬಳ್ಳಾಪುರ):
ನಮ್ಮದು ಒಂದೂವರೆ ಎಕರೆ ಸೇವಂತಿಗೆ ತೋಟ. ಹೂ ಬಿಡಿಸುವ ನಮ್ಮ ತಾಯಿಯವರಿಗೆ ಎರಡು ವರ್ಷಗಳಿಂದ ಕಣ್ಣಿನ ರೆಪ್ಪೆ, ಕತ್ತು ಮತ್ತು ಮೊಣಕೈಯ ಒಳಮಡಿಕೆಗಳಲ್ಲಿ ಚರ್ಮ ಕೆಂಪಾಗಿ ದಪ್ಪವಾಗಿದ್ದು, ರಾತ್ರಿಯೆಲ್ಲ ನವೆ ಕಾಡುತ್ತದೆ. ನೆಂಟರು ನಂಜು ಎಂದು ಹೇಳಿ ಬದನೆಕಾಯಿ ಬಿಡಿಸಿದರು. ನಾನು ಔಷಧಿ ಸಿಂಪಡಣೆಯ ಮೇಲೆ ಅನುಮಾನಪಟ್ಟು ಎರಡು ತಿಂಗಳು ನಿಲ್ಲಿಸಿದೆ, ಪ್ರಯೋಜನವಾಗಲಿಲ್ಲ. ಕಾರಣವನ್ನು ಎಲ್ಲಿ ಹುಡುಕಬೇಕು?

ಉತ್ತರ 1 (ಚರ್ಮರೋಗ ವೈದ್ಯೆ, ಕೋಲಾರ):
ತಾವು ಹೇಳಿದ ಜಾಗಗಳೇ ಒಂದು ಸುಳಿವು ಕೊಡುತ್ತವೆ. ಕೈಯಲ್ಲಿ ಮುಟ್ಟಿದ್ದರಿಂದ ಮಾತ್ರ ಬಂದಿದ್ದರೆ ಬೆರಳುಗಳಲ್ಲಿ ಹೆಚ್ಚಿರಬೇಕಿತ್ತು. ರೆಪ್ಪೆ, ಕತ್ತು, ಮಡಿಕೆಗಳಲ್ಲಿ ಕಾಣಿಸಿದರೆ ಗಾಳಿಯಲ್ಲಿ ತೇಲಿಬರುವ ಗಿಡದ ಪುಡಿಯನ್ನು ಮೊದಲು ಅನುಮಾನಿಸುತ್ತೇವೆ. ನಮ್ಮ ಬಯಲುಸೀಮೆಯಲ್ಲಿ ಆ ಗಿಡ ಬಹುಮಟ್ಟಿಗೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅದರಲ್ಲಿರುವ ಪಾರ್ಥೆನಿನ್ ಎಂಬ ಪದಾರ್ಥಕ್ಕೆ ದೇಹ ಒಮ್ಮೆ ಒಗ್ಗದಂತಾದರೆ, ಒಣಗಿದ ಗಿಡದ ಪುಡಿಯೂ ಸಾಕು. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಅದೇ ಕುಟುಂಬದವಾದ್ದರಿಂದ ಒಂದಕ್ಕೆ ಅಲರ್ಜಿಯಾದವರಿಗೆ ಮತ್ತೊಂದೂ ತೊಂದರೆ ಕೊಡಬಹುದು.

ಈ ಅಲರ್ಜಿ ಮುಟ್ಟಿದ ಕೂಡಲೇ ಏಳುವುದಿಲ್ಲ; ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಬರುತ್ತದೆ. ಹಾಗಾಗಿ ಜನರು ಹಿಂದಿನ ರಾತ್ರಿಯ ಊಟವನ್ನು ದೂಷಿಸುವುದು ಸಹಜ. ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆ ಮಾಡಿಸಬೇಕು: ಅನುಮಾನವಿರುವ ಪದಾರ್ಥಗಳನ್ನಿಟ್ಟು ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಸೋಕಿಸಬಾರದೆಂದರೆ ಅನೇಕರು ಒಪ್ಪುವುದಿಲ್ಲ. ಈ ಪರೀಕ್ಷೆ ಹೆಚ್ಚಾಗಿ ದೊಡ್ಡ ಊರಿನ ಆಸ್ಪತ್ರೆಗಳಲ್ಲೇ ನಡೆಯುವುದರಿಂದ, ಹಳ್ಳಿಯವರ ಅಲರ್ಜಿಗಳು ಲೆಕ್ಕಕ್ಕೇ ಸಿಗುತ್ತಿಲ್ಲವೆಂಬುದು ನನ್ನ ಅನಿಸಿಕೆ.

ಉತ್ತರ 2 (ಗಾರೆ ಕೆಲಸದ ಮೇಸ್ತ್ರಿ, ತುಮಕೂರು):
ಎಲ್ಲವನ್ನೂ ಕಾಂಗ್ರೆಸ್ ಗಿಡದ ತಲೆಗೆ ಕಟ್ಟಬೇಡಿ. ನನಗೆ ಅಂಗೈ ಬಿರಿದದ್ದು ಸಿಮೆಂಟಿನಲ್ಲಿರುವ ಕ್ರೋಮೇಟ್ ಎಂಬ ರಾಸಾಯನಿಕದಿಂದ ಎಂದು ಪರೀಕ್ಷೆಯಲ್ಲಿ ತಿಳಿಯಿತು. ನನ್ನ ಹೆಂಡತಿಗೆ ಹಣೆಯಲ್ಲಿ ಬಿಂದಿ ಅಂಟಿಸುವಷ್ಟು ಜಾಗ ಮಾತ್ರ, ದುಂಡಗೆ, ಬಿಳಿಚಿಕೊಂಡಿತು. ಅದು ಬಿಂದಿಯ ಅಂಟಿನಿಂದಂತೆ.

ಉತ್ತರ 3 (ವೈದ್ಯೆ, ಮತ್ತೆ):
ಮೇಸ್ತ್ರಿಯವರ ಮಾತು ಸರಿ. ತಲೆಗೆ ಹಚ್ಚುವ ಕಪ್ಪು ಬಣ್ಣ, ನಿಕಲ್ ಬೆರೆತ ಓಲೆ, ರಬ್ಬರ್ ಚಪ್ಪಲಿಯ ಪಟ್ಟಿ, ಇವನ್ನೂ ವಿಚಾರಿಸಲೇಬೇಕು. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಿದ್ದರೆ ಅದರ ಟ್ಯೂಬನ್ನೂ ವೈದ್ಯರಿಗೆ ತೋರಿಸಿ. ಅದರಲ್ಲಿನ ನಿಯೋಮೈಸಿನ್ ಎಂಬ ಔಷಧಿಯೇ ಕೆಲವರಿಗೆ ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರು:
ಈ ದಿನ ಬೆಳಿಗ್ಗೆ ಬದುವಿಗೆ ಹೋಗಿ ನೋಡಿದೆ. ಅಮ್ಮ ಹೂವಿನ ಬುಟ್ಟಿ ಇಳಿಸಿ ಕೂರುವ ಕಲ್ಲಿನ ಸುತ್ತ ಸೊಂಟದೆತ್ತರ ಕಾಂಗ್ರೆಸ್ ಗಿಡ ಹೂಬಿಟ್ಟು ನಿಂತಿದೆ. ಅವರನ್ನು ತೋಟಕ್ಕೆ ಕರೆಯದೆ ನಾನೇ ಕಿತ್ತುಹಾಕುತ್ತೇನೆ. ಪ್ಯಾಚ್ ಪರೀಕ್ಷೆಗೂ ಕರೆದುಕೊಂಡು ಹೋಗುತ್ತೇನೆ.