ಸೀನಿಯರ್ ಡೆವಲಪರ್ ಆರ್ಕಿಟೆಕ್ಟ್ ಆಗಬಲ್ಲರೇ ಎಂದು ಸಂದರ್ಶನದಲ್ಲಿ ತಿಳಿಯುವುದು ಹೇಗೆ?

ಐದುತಂಡ:
ಐದು ತಂಡಗಳಿಗೆ ಸೇರಿ ಒಬ್ಬ ಆರ್ಕಿಟೆಕ್ಟ್ (ಸಾಫ್ಟ್‌ವೇರ್ ವ್ಯವಸ್ಥೆಯ ಒಟ್ಟು ವಿನ್ಯಾಸ ನೋಡಿಕೊಳ್ಳುವವರು) ಬೇಕಾಗಿದ್ದಾರೆ. ಹುದ್ದೆ ಹೊಸದು. ಅರ್ಜಿ ಹಾಕಿದವರಲ್ಲಿ ಬಹುತೇಕರು ಹತ್ತು-ಹನ್ನೆರಡು ವರ್ಷ ಕೋಡ್ ಬರೆದು ಪಳಗಿದವರು, ಆದರೆ ಆರ್ಕಿಟೆಕ್ಟ್ ಎಂಬ ಹೆಸರಿನಲ್ಲಿ ಯಾರೂ ಕೆಲಸ ಮಾಡಿಲ್ಲ. ಸದ್ಯಕ್ಕೆ ಮೂರು ಸುತ್ತು ಇಟ್ಟಿದ್ದೇವೆ: ಅಲ್ಗಾರಿದಮ್, ಸಿಸ್ಟಮ್ ಡಿಸೈನ್, ಮ್ಯಾನೇಜರ್ ಜೊತೆ ಮಾತು.

ತೊಡಕು ಇರುವುದು ಎರಡನೆಯದರಲ್ಲಿ. ಯಾರನ್ನು ಕೂರಿಸಿದರೂ ಬೋರ್ಡಿನ ಮೇಲೆ ಅದೇ ಚಿತ್ರ: ಲೋಡ್ ಬ್ಯಾಲೆನ್ಸರ್ (ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವುದು), ಕ್ಯಾಶ್ (ಬೇಗ ಸಿಗುವ ತಾತ್ಕಾಲಿಕ ಸಂಗ್ರಹ), ಕ್ಯೂ (ಸಂದೇಶಗಳ ಸಾಲು), ನಾಲ್ಕೈದು ಮೈಕ್ರೋಸರ್ವಿಸ್ (ಬೇರೆ ಬೇರೆಯಾಗಿ ಓಡುವ ಸಣ್ಣ ಸೇವೆಗಳು). ತಿಳಿದು ಬರೆದವರು ಯಾರು, ಬಾಯಿಪಾಠ ಮಾಡಿ ಬಂದವರು ಯಾರು ಎಂದು ಬೇರ್ಪಡಿಸಲು ಆಗುತ್ತಿಲ್ಲ. ಏನು ಕೇಳಬೇಕು, ಉತ್ತರದಲ್ಲಿ ಏನು ನೋಡಬೇಕು?

ಹಳೆಬ್ಯಾಕೆಂಡ್:
ಪ್ರಶ್ನೆ ತಯಾರಿಸುವ ಮೊದಲು ಹುದ್ದೆಯನ್ನೇ ಒಂದು ಪುಟದಲ್ಲಿ ಬರೆದುಕೊಳ್ಳಿ. ಈ ವ್ಯಕ್ತಿ ಒಪ್ಪದೆ ಯಾವ ನಿರ್ಧಾರ ಮುಂದೆ ಹೋಗುವಂತಿಲ್ಲ, ಯಾವುದರಲ್ಲಿ ಅವರದು ಸಲಹೆ ಮಾತ್ರ, ಯಾವುದು ಪೂರ್ತಿ ತಂಡಕ್ಕೆ ಬಿಟ್ಟದ್ದು. ಹೊಸ ಬಗೆಯ ಡೇಟಾಬೇಸ್ ತರುವುದು, ತಂಡಗಳ ನಡುವಿನ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ಒಪ್ಪಿತ ವಿಧಾನ), ಯಾವ ಡೇಟಾ ಯಾರ ಸುಪರ್ದಿಯಲ್ಲಿ ಎಂಬುದೆಲ್ಲ ಸಾಮಾನ್ಯವಾಗಿ ಮೊದಲ ಗುಂಪಿಗೆ ಬರುತ್ತವೆ. ತಂಡದೊಳಗಿನ ಲೈಬ್ರರಿ ಆಯ್ಕೆ ಕೊನೆಯದಕ್ಕೆ. ಈ ಪುಟ ಬರೆಯಲು ಕೂತಾಗ ಮೊದಲ ಗುಂಪಿನಲ್ಲಿ ಏನೂ ಉಳಿಯಲಿಲ್ಲವೆಂದರೆ ನಿಮಗೆ ಬೇಕಿರುವುದು ಇನ್ನೊಬ್ಬ ಟೆಕ್ ಲೀಡ್ (ಒಂದು ತಂಡದ ತಾಂತ್ರಿಕ ಮುಖ್ಯಸ್ಥರು), ಆರ್ಕಿಟೆಕ್ಟ್ ಅಲ್ಲ.

ಇನ್ನು ಎಲ್ಲರೂ ಒಂದೇ ಚಿತ್ರ ಬಿಡಿಸುವುದು. ತಪ್ಪು ಅವರದಲ್ಲ, ಪ್ರಶ್ನೆಯದು. ಅಂಕಿ ಕೊಡದೆ ಕೇಳಿದರೆ ಅಂಕಿಯಿಲ್ಲದ ಉತ್ತರವೇ ಬರುತ್ತದೆ. ಹೀಗೆ ಕೇಳಿ ನೋಡಿ: ದಿನಕ್ಕೆ 10 ಲಕ್ಷ ಆರ್ಡರ್, ಒಂದೊಂದು 2 ಕೆಬಿ, ಒತ್ತಡದ ಹೊತ್ತಿನಲ್ಲಿ ಸರಾಸರಿಯ ಹತ್ತು ಪಟ್ಟು. ಕೈಯಲ್ಲಿರುವುದು ಆರು ಡೆವಲಪರ್‌ಗಳು, ನಾಲ್ಕು ತಿಂಗಳು, ಈಗಾಗಲೇ ಓಡುತ್ತಿರುವ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್.

ದಿನಕ್ಕೆ 86,400 ಸೆಕೆಂಡು. ಅಂದರೆ ಸರಾಸರಿ ಸೆಕೆಂಡಿಗೆ 12 ಆರ್ಡರ್, ಒತ್ತಡದಲ್ಲಿ 120ರ ಆಸುಪಾಸು. ಡೇಟಾ ದಿನಕ್ಕೆ 2 ಜಿಬಿ, ವರ್ಷಕ್ಕೆ ಸುಮಾರು 730 ಜಿಬಿ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ), ರೆಪ್ಲಿಕಾ (ಡೇಟಾದ ನಕಲು) ಸೇರಿದರೆ ಅದರ ಕೆಲವು ಪಟ್ಟು ಎಂದು ತಾವಾಗಿಯೇ ಹೇಳಿದವರನ್ನು ಗುರುತು ಹಾಕಿಕೊಳ್ಳಿ. ಡೇಟಾ ಬರೆಯುವ ಇಷ್ಟು ಹೊರೆಯನ್ನು ಸರಿಯಾಗಿ ಇಂಡೆಕ್ಸ್ ಮಾಡಿದ ಒಂದೇ ರಿಲೇಷನಲ್ ಡೇಟಾಬೇಸ್ ಹೊರಬಲ್ಲದು. ಲೆಕ್ಕ ಹಾಕದೆ ಶಾರ್ಡಿಂಗ್ (ಡೇಟಾವನ್ನು ಒಡೆದು ಹಲವು ಸರ್ವರ್‌ಗಳಿಗೆ ಹಂಚುವುದು), ಕಾಫ್ಕಾ (ಭಾರೀ ಪ್ರಮಾಣದ ಸಂದೇಶ ಸಾಗಿಸುವ ವ್ಯವಸ್ಥೆ), ಹದಿನೈದು ಸರ್ವಿಸ್ ಎಂದು ಹೊರಟವರಿಗೆ "ಯಾವ ಅಂಕಿ ನೋಡಿ ಇದು ಬೇಕೆನಿಸಿತು?" ಎಂದಷ್ಟೇ ಕೇಳಿ. ಬಾಯಿಪಾಠ ಅಲ್ಲೇ ಮುಗಿಯುತ್ತದೆ.

ಲಭ್ಯತೆಯ ಲೆಕ್ಕವನ್ನೂ ಕೇಳಬಹುದು. 99.9% ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸ್ಥಗಿತ. ಒಂದು ವಿನಂತಿ ಅಂಥ ಐದು ಸರ್ವಿಸ್‌ಗಳನ್ನು ಸಾಲಾಗಿ ದಾಟಬೇಕು, ಅವು ಬೇರೆ ಬೇರೆ ಹೊತ್ತಿನಲ್ಲಿ ಬೀಳುತ್ತವೆ ಎಂದಾದರೆ ಒಟ್ಟು 99.5%, ಅಂದರೆ 44 ಗಂಟೆ ಹತ್ತಿರ. ಸರ್ವಿಸ್ ಒಡೆಯುವುದಕ್ಕೂ ಬೆಲೆಯಿದೆ ಎಂದು ಗೊತ್ತಿದ್ದವರು ಇದನ್ನು ಕೇಳುವ ಮೊದಲೇ ಎತ್ತುತ್ತಾರೆ.

ಸಮಯ 75 ನಿಮಿಷ ಇಡಿ. ಮೊದಲ 15 ಅವರ ಪ್ರಶ್ನೆಗಳಿಗೆ, 35 ವಿನ್ಯಾಸಕ್ಕೆ. ಉಳಿದ 25 ನಿಮಿಷ ನೀವು ಆ ವಿನ್ಯಾಸವನ್ನು ಕೆಡವಲು.

ರೀಟ್ರೈಬಿರುಗಾಳಿ:
ಆ 25 ನಿಮಿಷವೇ ನಿಜವಾದ ಪರೀಕ್ಷೆ. ಅಲ್ಲಿ "ಸರ್ವರ್ ಬಿದ್ದರೆ?" ಎಂದು ಕೇಳಬೇಡಿ, ಅದಕ್ಕೆ ಎಲ್ಲರ ಬಳಿಯೂ ಉತ್ತರ ಇರುತ್ತದೆ. ಸರ್ವರನ್ನು ನಿಧಾನ ಮಾಡಿ. ಪೇಮೆಂಟ್ ಸರ್ವಿಸ್ ಸತ್ತಿಲ್ಲ, 200 ಮಿಲಿಸೆಕೆಂಡಿನ ಬದಲು 20 ಸೆಕೆಂಡ್ ತೆಗೆದುಕೊಳ್ಳುತ್ತಿದೆ. ಸೆಕೆಂಡಿಗೆ 120 ವಿನಂತಿ, ಕರೆಯುವ ಕಡೆ 200 ಥ್ರೆಡ್ (ಒಂದು ಹೊತ್ತಿಗೆ ಒಂದೇ ವಿನಂತಿ ನೋಡಬಲ್ಲ ಕೆಲಸದ ಎಳೆ). ಏನಾಗುತ್ತದೆ?

ಮಾಮೂಲಿ ದಿನ 120 × 0.2, ಅಂದರೆ 24 ಥ್ರೆಡ್ ಸಾಕಿತ್ತು. ಈಗ 2,400 ಬೇಕು. ಎರಡು ಸೆಕೆಂಡಿನೊಳಗೆ ಥ್ರೆಡ್‌ಗಳ ಪೂಲ್ ಬರಿದು. ಪೇಮೆಂಟ್‌ಗೆ ಸಂಬಂಧವೇ ಇಲ್ಲದ ಪುಟಗಳೂ ನಿಲ್ಲುತ್ತವೆ. ಇದರ ಮೇಲೆ ರೀಟ್ರೈ, ಅಂದರೆ ವಿಫಲವಾದ ಕರೆಯನ್ನು ಮತ್ತೆ ಮಾಡುವುದು. ಮೂರು ಹಂತಗಳಲ್ಲಿ ಒಂದೊಂದೂ ಮೂರು ಸಲ ಪ್ರಯತ್ನಿಸಿದರೆ ಕೆಳಗಿನ ಸರ್ವಿಸ್‌ಗೆ 27 ಪಟ್ಟು ಹೊಡೆತ. ಬಿದ್ದವನ ಮೇಲೆ ಕಲ್ಲು ಎತ್ತಿಹಾಕಿದ ಹಾಗೆ. ಉತ್ತರದಲ್ಲಿ ಬರಬೇಕಾದದ್ದು: ಒಳಗಿನ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ಹೊರಗಿನದಕ್ಕಿಂತ ಚಿಕ್ಕದಿರಬೇಕು, ರೀಟ್ರೈ ಒಂದೇ ಹಂತದಲ್ಲಿ, ಅದೂ ಬ್ಯಾಕ್‌ಆಫ್ (ಪ್ರತಿ ಸಲ ಹೆಚ್ಚು ಕಾಯುವುದು) ಮತ್ತು ಜಿಟರ್ (ಕಾಯುವ ಸಮಯವನ್ನು ಸ್ವಲ್ಪ ಏರುಪೇರು ಮಾಡುವುದು) ಸಮೇತ, ಪೇಮೆಂಟ್‌ಗೆ ಬೇರೆ ಪೂಲ್, ಸರ್ಕ್ಯೂಟ್ ಬ್ರೇಕರ್ (ಸೋಲುತ್ತಿರುವ ಸರ್ವಿಸ್‌ಗೆ ಕರೆ ಕೆಲಹೊತ್ತು ನಿಲ್ಲಿಸುವುದು). ಎರಡು ಸಲ ಹಣ ಕಡಿತವಾಗದಂತೆ ಐಡೆಂಪೊಟೆನ್ಸಿ ಕೀ (ಅದೇ ವಿನಂತಿ ಮತ್ತೆ ಬಂದರೆ ಗೊತ್ತಾಗುವಂಥ ಗುರುತು).

ಎರಡನೆಯ ಪ್ರಶ್ನೆ: ಆರ್ಡರ್ ಡೇಟಾಬೇಸಿಗೆ ಕಮಿಟ್ ಆಯಿತು (ಖಾಯಂ ಆಗಿ ಸೇರಿತು), ಕ್ಯೂಗೆ ಸಂದೇಶ ಹಾಕುವ ಮೊದಲೇ ಪ್ರೊಸೆಸ್ ಸತ್ತಿತು. "ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕಟ್ಟು) ಸುತ್ತುತ್ತೇನೆ" ಎಂದರೆ ಹೆಚ್ಚಿನ ಕ್ಯೂಗಳು ಆ ಟ್ರಾನ್ಸಾಕ್ಷನ್ ಒಳಗೆ ಬರುವುದೇ ಇಲ್ಲ. ಸಂದೇಶವನ್ನು ಡೇಟಾಬೇಸಿನ ಒಂದು ಔಟ್‌ಬಾಕ್ಸ್ ಟೇಬಲ್‌ಗೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದು, ಬೇರೊಂದು ಪ್ರೊಸೆಸ್ ಅದನ್ನು ಓದಿ ಕಳುಹಿಸುವುದು ಬಳಕೆಯಲ್ಲಿರುವ ದಾರಿ. ಆಗ ಒಂದೇ ಸಂದೇಶ ಎರಡು ಸಲ ಹೋಗಬಹುದು, ಪಡೆಯುವವರು ಅದಕ್ಕೆ ಸಿದ್ಧರಿರಬೇಕು ಎಂಬ ಅರ್ಧಭಾಗವನ್ನು ಅನೇಕರು ಮರೆಯುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಮೈಗ್ರೇಷನ್ ಪ್ರಶ್ನೆಯ ಮೇಲೆ. ಕೋಟಿಗಟ್ಟಲೆ ಸಾಲುಗಳಿರುವ ಟೇಬಲ್‌ನ ಒಂದು ಕಾಲಂ ಅನ್ನು ಎರಡಾಗಿ ಒಡೆಯಬೇಕು, ಸೇವೆ ನಿಲ್ಲುವಂತಿಲ್ಲ. ಹೊಸ ಕಾಲಂ ಸೇರಿಸು, ಹಳೆಯದಕ್ಕೂ ಹೊಸದಕ್ಕೂ ಬರೆ, ಹಳೆ ಸಾಲುಗಳನ್ನು ಸಣ್ಣ ಸಣ್ಣ ಕಂತಿನಲ್ಲಿ ತುಂಬು, ತಾಳೆ ನೋಡು, ಓದುವುದನ್ನು ಹೊಸದಕ್ಕೆ ತಿರುಗಿಸು, ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸು, ಕೊನೆಗೆ ಅಳಿಸು. ಇಷ್ಟನ್ನು ಒಳ್ಳೆಯ ಡೆವಲಪರ್ ಹೇಳುತ್ತಾರೆ. ಆಮೇಲೆ ಕೇಳಿ: "ಯಾವ ಹೆಜ್ಜೆಯ ನಂತರ ಸುಲಭವಾಗಿ ಹಿಂದೆ ಬರಲಾಗದು?" ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿದ ಕ್ಷಣದಿಂದ, ಅಂದರೆ ಅಳಿಸುವ ಹೆಜ್ಜೆಗಿಂತ ಮೊದಲೇ. ಅದನ್ನು ಗುರುತಿಸಿ, ಅಲ್ಲಿ ಒಂದೆರಡು ವಾರ ಕಾಯುತ್ತೇನೆ ಎನ್ನುವವರು ಈ ಹುದ್ದೆಗೆ ಹತ್ತಿರದವರು.

ನಿರ್ಧಾರಕಡತ:
ಇಬ್ಬರೂ ಹೇಳಿದ್ದು ಸರಿ, ಆದರೆ ಇದೆಲ್ಲ ತುಂಬ ಒಳ್ಳೆಯ ಸೀನಿಯರ್ ಡೆವಲಪರನ್ನು ಹುಡುಕುವ ಪರೀಕ್ಷೆ. ಐದು ತಂಡದ ಆರ್ಕಿಟೆಕ್ಟ್ ದಿನದ ಬಹುಪಾಲು ಮಾಡುವುದು ಬರೆಯುವುದು ಮತ್ತು ಒಪ್ಪಿಸುವುದು. ಅದನ್ನೂ ಪರೀಕ್ಷಿಸಲೇಬೇಕು.

ಬರವಣಿಗೆಗೆ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಒಂದು ವಿನ್ಯಾಸ ನಿರ್ಧಾರದ ಚಿಕ್ಕ ದಾಖಲೆ) ಸಾಕು. 2011ರಲ್ಲಿ ಮೈಕೆಲ್ ನೈಗಾರ್ಡ್ ಮುಂದಿಟ್ಟ ನಮೂನೆಯಲ್ಲಿ ಐದೇ ಭಾಗ: ಶೀರ್ಷಿಕೆ, ಸ್ಥಿತಿ, ಸಂದರ್ಭ, ನಿರ್ಧಾರ, ಪರಿಣಾಮಗಳು. ಎರಡು ಪುಟದ ಸಮಸ್ಯೆ ಕೊಟ್ಟು, ಒಂದು ಗಂಟೆಯಲ್ಲಿ ಒಂದು ಪುಟ ಬರೆಯಲು ಹೇಳಿ. ಓದುವಾಗ ನೇರ ಪರಿಣಾಮಗಳ ಭಾಗಕ್ಕೆ ಹೋಗಿ. ಅಲ್ಲಿ ಬರೀ ಲಾಭಗಳಿದ್ದರೆ ಅದು ಜಾಹೀರಾತು. ಕೈಬಿಟ್ಟ ಆಯ್ಕೆ ಯಾವುದು, ಯಾಕೆ, ಏನು ಬದಲಾದರೆ ಈ ನಿರ್ಧಾರವನ್ನು ಮತ್ತೆ ತೆರೆಯಬೇಕು ಎಂಬುದು ಇರಬೇಕು.

ಒಪ್ಪಿಸುವುದಕ್ಕೆ ಅರ್ಧ ಗಂಟೆಯ ನಾಟಕ ಮಾಡಿ. ನಿಮ್ಮಲ್ಲೊಬ್ಬರು ಟೆಕ್ ಲೀಡ್ ಆಗಿ ಕೂತು "ನಮಗೆ ಮೂರು ವಾರದಲ್ಲಿ ರಿಲೀಸ್ ಇದೆ, ನಿಮ್ಮ ಎಪಿಐ ಮಾನದಂಡಕ್ಕೆ ಹೊಂದಿಸಲು ಪುರಸೊತ್ತಿಲ್ಲ" ಎನ್ನಲಿ. "ನಿಯಮ ಅಂದರೆ ನಿಯಮ" ಎಂದರೂ ಕಷ್ಟ, "ಆಯ್ತು ಬಿಡಿ" ಎಂದರೂ ಕಷ್ಟ. ಮಾನದಂಡದ ಯಾವ ಭಾಗ ಮುರಿಯುತ್ತದೆ ಎಂದು ವಿಚಾರಿಸಿ, ಹೊರಗಿನವರಿಗೆ ಕಾಣುವ ಭಾಗವನ್ನು ಬಿಗಿಹಿಡಿದು, ಉಳಿದದ್ದಕ್ಕೆ ಗಡುವು ಹಾಕಿದ ವಿನಾಯಿತಿ ಕೊಟ್ಟು ಬರೆದಿಡುವವರು ಬೇಕು.

ಒಂದು ಚಿಕ್ಕ ಪ್ರಶ್ನೆ ಕೂಡ. ಅವರು ಬಿಡಿಸಿದ ಚಿತ್ರದ ಮೇಲೆಯೇ ಯಾವ ತಂಡ ಯಾವ ಭಾಗ ನೋಡಿಕೊಳ್ಳುತ್ತದೆ ಎಂದು ಗೆರೆ ಎಳೆಯಲು ಹೇಳಿ. ಸಂಸ್ಥೆಯ ಸಂವಹನ ಹೇಗಿದೆಯೋ ವ್ಯವಸ್ಥೆಯೂ ಹಾಗೇ ರೂಪುಗೊಳ್ಳುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದು ಇಲ್ಲಿ ಕೈಗೆ ಸಿಗುತ್ತದೆ: ಎರಡು ತಂಡ ಯಾವಾಗಲೂ ಒಟ್ಟಿಗೇ ರಿಲೀಸ್ ಮಾಡಬೇಕಾದ ಗೆರೆ ಎಳೆದರೆ ಆ ವಿನ್ಯಾಸ ಕಾಗದದ ಮೇಲಷ್ಟೇ ಚೆನ್ನ.

ಐದುತಂಡ:
ತುಂಬ ಉಪಯೋಗವಾಯಿತು. ಇನ್ನೆರಡು ಕೇಳಲೇ? ಅಲ್ಗಾರಿದಮ್ ಸುತ್ತು ತೆಗೆದುಬಿಡಬಹುದೇ? ಮತ್ತೆ, ಒಳಗಿನವರೊಬ್ಬರೂ ಅರ್ಜಿ ಹಾಕಿದ್ದಾರೆ, ಬಿಲ್ಲಿಂಗ್ ಭಾಗದ ಹೆಚ್ಚಿನ ಕೋಡ್ ಅವರದೇ. ಅವರಿಗೂ ಇದೇ ಸುತ್ತುಗಳೇ?

ಹಳೆಬ್ಯಾಕೆಂಡ್:
ತೆಗೆದುಬಿಡಿ. ಬದಲಿಗೆ ಕೋಡ್ ಓದಿಸಿ. 300 ಸಾಲಿನ ಒಂದು ಪುಲ್ ರಿಕ್ವೆಸ್ಟ್ (ಪರಿಶೀಲನೆಗೆ ಕಳುಹಿಸುವ ಕೋಡ್ ಬದಲಾವಣೆ) ಸಿದ್ಧಮಾಡಿ, ಬೇಕೆಂದೇ ತಪ್ಪು ಬಿತ್ತಿ: ಲೂಪ್ ಒಳಗೆ ಕ್ವೆರಿ, ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಹೊರಗಿನ ಸರ್ವಿಸ್‌ಗೆ ಕರೆ, ಲಾಗ್‌ನಲ್ಲಿ ಟೋಕನ್ (ಪ್ರವೇಶದ ಗುಟ್ಟಿನ ಕೀ), ಜೊತೆಗೆ ಹೆಸರಿಡುವುದರಲ್ಲಿ ನಾಲ್ಕಾರು ಸಣ್ಣ ಕಿರಿಕಿರಿ. 45 ನಿಮಿಷ. ಎಷ್ಟು ಹಿಡಿದರು ಎಂಬುದಕ್ಕಿಂತ ಯಾವುದನ್ನು ಮೊದಲು ಹೇಳಿದರು ಎಂಬುದು ಮುಖ್ಯ. ಹೆಸರುಗಳ ಬಗ್ಗೆಯೇ ಇಪ್ಪತ್ತು ನಿಮಿಷ ಕಳೆದವರು ತಂಡಗಳ ಸಮಯವನ್ನೂ ಹಾಗೇ ಕಳೆಯುತ್ತಾರೆ.

ಒಳಗಿನವರಿಗೂ ಅದೇ ಸುತ್ತು, ಅದೇ ಅಂಕಪಟ್ಟಿ. ಆದರೆ ಬಿಲ್ಲಿಂಗ್ ಬಗ್ಗೆ ಪ್ರಶ್ನೆ ಬೇಡ, ಅಲ್ಲಿ ಅವರ ನೆನಪು ವಿನ್ಯಾಸಶಕ್ತಿಯಂತೆ ಕಾಣಿಸುತ್ತದೆ. ಆಯ್ಕೆಯಾದರೆ ಬಿಲ್ಲಿಂಗ್ ಯಾರ ಕೈಗೆ ಹೋಗುತ್ತದೆ ಎಂದು ಆದೇಶ ಕೊಡುವ ಮೊದಲೇ ಗೊತ್ತುಮಾಡಿ. ಇಲ್ಲದಿದ್ದರೆ ಎರಡೂ ಕೆಲಸ ಅವರ ಮೇಲೆ ಬಿದ್ದು, ತುರ್ತಿನದು ಯಾವಾಗಲೂ ಗೆಲ್ಲುತ್ತದೆ. ಆರು ತಿಂಗಳ ನಂತರ ದರ್ಜೆ, ಸಂಬಳ ಕಡಿಮೆಯಾಗದೆ ಡೆವಲಪರ್ ಹುದ್ದೆಗೆ ಮರಳುವ ದಾರಿಯನ್ನೂ ಬರೆದುಕೊಡಿ. ಒಳಗಿನವರಾಗಲಿ ಹೊರಗಿನವರಾಗಲಿ, ಕೋಡ್ ಬರೆಯುವುದನ್ನು ಪೂರ್ತಿ ನಿಲ್ಲಿಸಬಾರದು, ಆದರೆ ಸ್ಪ್ರಿಂಟ್ (ತಂಡದ ಕೆಲಸದ ಚಿಕ್ಕ ಅವಧಿ) ಅವರಿಗಾಗಿ ಕಾಯುವಂಥ ಕೆಲಸ ಕೊಡಬೇಡಿ. ಪ್ರೋಟೋಟೈಪ್, ಎಲ್ಲರೂ ಬಳಸುವ ಲೈಬ್ರರಿ ಇಂಥವು ಸರಿ.

ರೀಟ್ರೈಬಿರುಗಾಳಿ:
ಅಂಕಪಟ್ಟಿ ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ. 1ರಿಂದ 4ರವರೆಗೆ ಇಡಿ, 5 ಇಟ್ಟರೆ ಎಲ್ಲರೂ 3ಕ್ಕೆ ಹೋಗಿ ಕೂರುತ್ತಾರೆ. ಪ್ರತಿ ಅಂಕದ ಪಕ್ಕದಲ್ಲಿ ಅಭ್ಯರ್ಥಿ ಹೇಳಿದ ಅಥವಾ ಮಾಡಿದ ಒಂದು ನಿರ್ದಿಷ್ಟ ಸಂಗತಿ ಇರಬೇಕು. ಎಲ್ಲರೂ ಚರ್ಚೆಗೆ ಕೂರುವ ಮುಂಚೆಯೇ ಬರೆದು ಒಪ್ಪಿಸಬೇಕು, ಇಲ್ಲದಿದ್ದರೆ ಮೊದಲು ಮಾತಾಡಿದ ಹಿರಿಯರ ಅಂಕವೇ ಎಲ್ಲರದೂ ಆಗುತ್ತದೆ. ಸರಾಸರಿ ತೆಗೆಯಬೇಡಿ. ವಿನ್ಯಾಸದಲ್ಲಿ 4, ಒಪ್ಪಿಸುವುದರಲ್ಲಿ 1 ಬಂದವರ ಸರಾಸರಿ 2.5 ಎಂಬುದಕ್ಕೆ ಅರ್ಥವಿಲ್ಲ. ಆ 1ನ್ನು ಐದೂ ತಂಡಗಳು ಅನುಭವಿಸಬೇಕು. ನೀವು ಬಳಸುವ ಕ್ಲೌಡ್ ಗೊತ್ತಿಲ್ಲ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಬಿಡಬೇಡಿ, ಅದು ಕೆಲವು ತಿಂಗಳ ಕಲಿಕೆ.

ನಿರ್ಧಾರಕಡತ:
ಎಡಿಆರ್ ಸಮಸ್ಯೆಯ ಆ ಎರಡು ಪುಟವನ್ನು ಹಿಂದಿನ ದಿನವೇ ಕಳುಹಿಸಿ, ಬರೆಯುವುದನ್ನು ಮಾತ್ರ ಸಂದರ್ಶನದ ದಿನ ಇಟ್ಟುಕೊಳ್ಳಿ. ವಾರಾಂತ್ಯ ಪೂರ್ತಿ ನುಂಗುವ ಮನೆಗೆಲಸ ಕೊಟ್ಟರೆ ಕೈತುಂಬ ಕೆಲಸ ಇರುವವರು, ಮನೆಯಲ್ಲಿ ಪುಟ್ಟ ಮಕ್ಕಳಿರುವವರು ಮೊದಲು ಹಿಂದೆ ಸರಿಯುತ್ತಾರೆ. ಸಮಸ್ಯೆಯಲ್ಲಿ ಬೇಕೆಂದೇ ಒಂದು ಮುಖ್ಯ ಅಂಕಿ ಬಿಟ್ಟಿರಿ, ಉದಾಹರಣೆಗೆ ಡೇಟಾವನ್ನು ಎಷ್ಟು ವರ್ಷ ಇಡಬೇಕು ಎಂಬುದು. ಕೇಳಿ ತಿಳಿದುಕೊಂಡರೆ ಒಳ್ಳೆಯದು, ತಾವೇ ಒಂದು ಊಹೆ ಮಾಡಿ ಅದನ್ನು ಸಂದರ್ಭದ ಭಾಗದಲ್ಲಿ ಊಹೆ ಎಂದೇ ಬರೆದರೂ ಒಳ್ಳೆಯದು. ಗಮನಿಸದೇ ಮುಂದೆ ಹೋಗಿದ್ದರೆ ಮಾತ್ರ ಅಂಕ ಕಳೆಯಿರಿ.