ಕೊಸೆಂಜಾಗೆ ಹೊರಟಿದ್ದೇವೆ, ಮಗನ ಕನ್ನಡ ಉಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ದಕ್ಷಿಣ ಇಟಲಿಯ ಕಲಾಬ್ರಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೆಲಸ ಸಿಕ್ಕಿದೆ. ಕೊಸೆಂಜಾ ಪಕ್ಕದ ರೆಂದೆಯಲ್ಲಿ ಮನೆ ಮಾಡಬೇಕು. ಮಗನಿಗೆ ನಾಲ್ಕು ವರ್ಷ, ಕನ್ನಡ ಬಿಟ್ಟು ಬೇರೆ ಬರಲ್ಲ. ನವೆಂಬರ್‌ನಲ್ಲಿ ಹೋದರೆ ಶಾಲೆಗೆ ಸೇರಿಸಿಕೊಳ್ತಾರಾ? ಇಟಾಲಿಯನ್ ಕಲಿತ ಮೇಲೆ ಕನ್ನಡ ಮರೀತಾನಾ? ನಿದ್ದೆನೇ ಬರ್ತಿಲ್ಲ.

ಮಿಲಾನ್ ಮಾವ: ಅಮ್ಮಾ, ಅಲ್ಲಿಗೆ ಯಾಕೆ ಹೋಗ್ತೀರಿ? ಆ ಕಡೆಯ ಹುಡುಗರೇ ಊರು ಬಿಟ್ಟು ಇಲ್ಲಿಗೆ ಬರ್ತಾರೆ. ಹೋಗಲೇಬೇಕು ಅಂದ್ರೆ ಮನೆಯಲ್ಲೂ ಇಟಾಲಿಯನ್ನೇ ಮಾತಾಡಿ. ನಾನು ಹಾಗೇ ಮಾಡಿದೆ. ಮಗಳು ಕ್ಲಾಸಿಗೇ ಫಸ್ಟು.

ಹಾಸನದ ಹುಡುಗ: ಅಲ್ಲಿ ಮೆಣಸಿನಕಾಯಿ ಚೆನ್ನಾಗಿ ಸಿಗುತ್ತೆ ಅಕ್ಕಾ! ದಿಯಾಮಾಂತೆ ಅನ್ನೋ ಊರಲ್ಲಿ ಮೆಣಸಿನಕಾಯಿಗೇ ಹಬ್ಬ ಮಾಡ್ತಾರೆ. ಬ್ಯಾಡಗಿಯವರು ನೋಡಬೇಕು.

ರೆಂದೆ ಅಮ್ಮ: ಮೊದಲು ಕೇಳಿದ್ದಕ್ಕೆ ಉತ್ತರ. ಸೇರಿಸಿಕೊಳ್ತಾರೆ. ಹೊರದೇಶದ ಮಕ್ಕಳನ್ನು ವರ್ಷದ ಮಧ್ಯೆಯೂ ಸೇರಿಸಬಹುದು. ಮೂರರಿಂದ ಆರು ವರ್ಷದವರಿಗೆ ಬೇರೆ ಶಾಲೆ, ಅದು ಕಡ್ಡಾಯ ಅಲ್ಲ. ಆದ್ರೆ ಲಸಿಕೆ ಕಾರ್ಡ್ ಮರೀಬೇಡಿ. 2017ರಿಂದ 10 ಲಸಿಕೆ ಕಡ್ಡಾಯ. ಅದಿಲ್ಲದೆ ಈ ವಯಸ್ಸಿನ ಮಕ್ಕಳನ್ನು ಶಾಲೆಯೊಳಗೆ ಬಿಡಲ್ಲ.

ಇನ್ನು ಭಾಷೆ. ಮೊದಲ ವರ್ಷ ನಾನೂ ಅಳ್ತಾ ಕೂತಿದ್ದೆ. ಒಂದು ಭಾನುವಾರ ಪೊಲ್ಲೀನೋ ಬೆಟ್ಟದ ಮಗ್ಗುಲಿನ ಚಿವಿತಾ ಅನ್ನೋ ಹಳ್ಳಿಗೆ ಹೋದೆವು. ಇದೇ ಜಿಲ್ಲೆ. ಕಲ್ಲು ಹಾಸಿದ ಪುಟ್ಟ ಅಂಗಳ, ಸುತ್ತ ನಾಲ್ಕಾರು ಮನೆ, ಎಲ್ಲಾ ಬಾಗಿಲೂ ಅಂಗಳಕ್ಕೇ ಮುಖ. ಹುರುಳಿಕಾಯಿ ಬಿಡಿಸ್ತಾ ಕೂತಿದ್ದ ಅಜ್ಜಿ ಮೊಮ್ಮಗನನ್ನು ಏನೋ ಅಂದು ಬೈದರು. ಇಟಾಲಿಯನ್ ಅಲ್ಲ. ಕೇಳಿದರೆ ಅರ್ಬರೇಶ್ ಅಂದರು, ಹಳೇ ಕಾಲದ ಅಲ್ಬೇನಿಯನ್. ತುರ್ಕರು ಅಲ್ಬೇನಿಯಾಕ್ಕೆ ನುಗ್ಗಿದ ಕಾಲದಲ್ಲಿ, 15ನೇ ಶತಮಾನದಲ್ಲಿ, ಸಮುದ್ರ ದಾಟಿ ಬಂದವರ ಮಾತು ಇನ್ನೂ ಅಂಗಳದಲ್ಲಿದೆ! ಆ ಅಂಗಳಕ್ಕೆ ಜಿತೊನಿಯಾ ಅಂತಾರೆ. ನಮ್ಮ ವಠಾರ ಅಂದ್ಕೊಳ್ಳಿ. ಸರ್ಕಾರ ಅವರ ಭಾಷೆಗೆ ಕಾನೂನು ಮಾಡಿದ್ದು 1999ರಲ್ಲಿ. ಅಲ್ಲಿವರೆಗೂ ನೋಡಿಕೊಂಡಿದ್ದು ಬೈಯೋ ಅಜ್ಜಿಯರೇ.

ಮಿಲಾನ್ ಮಾವ: ಅವರು ಊರಿಗೆ ಊರೇ ಬಂದರು. ಇವರದು ಒಂದೇ ಮನೆ. ಯಾವ ಅಂಗಳ, ಯಾವ ಅಜ್ಜಿ? ಅಲ್ಲೂ ಈಗಿನ ಹುಡುಗರು ಇಟಾಲಿಯನ್ನೇ ಮಾತಾಡೋದು. ಸುಮ್ನೆ ಆಸೆ ಹುಟ್ಟಿಸಬೇಡಿ.

ರೆಂದೆ ಅಮ್ಮ: ಒಂದೇ ಮನೆ ಅನ್ನೋದು ನಿಜ, ಒಪ್ಪಿದೆ. ಚರ್ಚೂ ಅವರದೇ ಇತ್ತು. 1919ರಿಂದ ಇಲ್ಲೇ ಲುಂಗ್ರೋ ಅನ್ನೋ ಊರಲ್ಲಿ ಅವರದೇ ಬಿಷಪ್ ಪೀಠ. ಪೋಪ್ ಕೆಳಗಿನ ಕ್ಯಾಥೊಲಿಕ್ಕರೇ, ಆದ್ರೆ ಪೂಜೆ ಗ್ರೀಕ್ ಪದ್ಧತಿ. ಮದುವೆಯಾದವರೂ ಪಾದ್ರಿ ಆಗಬಹುದು. ನಮಗೆ ಅದ್ಯಾವುದೂ ಇಲ್ಲ. ಅದಕ್ಕೇ ಊಟಕ್ಕೆ ಕೂತಾಗ ಕನ್ನಡ ಮಾತ್ರ ಅಂತ ಇಟ್ಟುಕೊಂಡಿದ್ದೇವೆ.

ನ್ಯೂಜೆರ್ಸಿ ಅತ್ತಿಗೆ: ನಾವು ಶನಿವಾರ ಕನ್ನಡ ಕ್ಲಾಸಿಗೆ ಕಳಿಸಿದೆವು, ಮನೇಲಿ ಇಂಗ್ಲಿಷ್. ಈಗ ಮಗನಿಗೆ ಇಪ್ಪತ್ತಾರು. ಅಕ್ಷರ ಓದ್ತಾನೆ. ನಮ್ಮತ್ತೆ ಫೋನ್ ಮಾಡಿದರೆ "ಹ್ಞೂಂ ಅಜ್ಜಿ" ಅಂದು ನನ್ನ ಕೈಗೆ ಕೊಡ್ತಾನೆ.

ಹಾಸನದ ಹುಡುಗ: ಮಾದಲಕಾಯಿನೂ ಅಲ್ಲೇ ಬೆಳೀತಾರೆ. ಯಹೂದಿ ಗುರುಗಳು ಬೇಸಿಗೆಯಲ್ಲಿ ಸಾಂತಾ ಮರೀಯಾ ದೆಲ್ ಚೆದ್ರೋ ಅನ್ನೋ ಊರಿಗೆ ಬಂದು, ತಮ್ಮ ಹಬ್ಬಕ್ಕೆ ಒಂದೊಂದೇ ಕಾಯಿ ಪರೀಕ್ಷಿಸಿ ಆರಿಸ್ತಾರಂತೆ. ಉಪ್ಪಿನಕಾಯಿ ಯೋಚನೆ ಬೇಡ.

ಮಿಲಾನ್ ಮಾವ: ಉಪ್ಪಿನಕಾಯಿ ಹಾಕಿದರೆ ಭವಿಷ್ಯ ಆಗಲ್ಲ ತಮ್ಮಾ. ಮತ್ತೆ ಹೇಳ್ತೀನಿ, ಮಿಲಾನ್‌ಗೆ ಬನ್ನಿ.

ಉಡುಪಿಯ ಅಜ್ಜ: ಅಲ್ಲಿ ಸಸ್ಯಾಹಾರ ಸಿಗುತ್ತದೆಯೇ?

ರೆಂದೆ ಅಮ್ಮ: ಸಿಗುತ್ತೆ ಅಜ್ಜ. ಕಡಲೆಕಾಳು ಹಾಕಿದ ಅಗಲ ಪಾಸ್ತಾ, ಸೀಲಾ ಬೆಟ್ಟದ ಆಲೂಗಡ್ಡೆ. ಚೀಸ್ ಮಾತ್ರ ನೋಡಿ ತಗೋಬೇಕು, ಹಾಲು ಒಡೆಸೋಕೆ ಕರುವಿನ ಹೊಟ್ಟೆಯದ್ದನ್ನು ಹಾಕಿರ್ತಾರೆ.

ಪೋಸ್ಟ್ ಹಾಕಿದವರು: ತುಂಬಾ ಥ್ಯಾಂಕ್ಸ್. ಲಸಿಕೆ ಕಾರ್ಡ್ ಕೈಬರಹದ್ದು, ಒಂದು ಕಡೆ ಇಂಕು ಹರಡಿದೆ. ಇಲ್ಲಿಂದಲೇ ಅನುವಾದ ಮಾಡಿಸಿಕೊಂಡು ಹೋಗಬೇಕಾ?

ಮಿಲಾನ್ ಮಾವ: ಅದೆಲ್ಲಾ ಆಮೇಲೆ. ಮೊದಲು ಯಜಮಾನರ ಹತ್ತಿರ ಮಿಲಾನ್ ವಿಷಯ ಮಾತಾಡಿ.