100ಜಿ ಲಿಂಕ್‌ನಲ್ಲಿ ಒಂದೇ ಕಡೆ ಸಿಆರ್‌ಸಿ ಎರರ್: ಕೇಬಲ್ಲೋ, ಕಾರ್ಡೋ?

ಪ್ರಶ್ನೆ:
ಎರಡು ಲಿನಕ್ಸ್ ಸರ್ವರ್‌ಗಳ ಮಧ್ಯೆ ಸ್ವಿಚ್ ಇಲ್ಲದೆ ನೇರ 100ಜಿ (ಸೆಕೆಂಡಿಗೆ 100 ಗಿಗಾಬಿಟ್) ಲಿಂಕ್ ಇದೆ. ಎರಡೂ ತುದಿಯಲ್ಲಿ ಕ್ಯೂಎಸ್‌ಎಫ್‌ಪಿ28 ಎಸ್‌ಆರ್4 ಮಾಡ್ಯೂಲ್ (ಡೇಟಾವನ್ನು ನಾಲ್ಕು ಲೇನ್‌ಗಳಲ್ಲಿ ಬೆಳಕಾಗಿ ಕಳಿಸಿ, ಪಡೆಯುವ ಭಾಗ), ನಡುವೆ 15 ಮೀಟರ್ ಓಎಂ4 ಎಂಪಿಓ ಕೇಬಲ್ (ಹಲವು ಎಳೆಗಳ ಫೈಬರ್; ಟೈಪ್ ಬಿ, ಅಂದರೆ ಒಂದು ತುದಿಯ ಎಳೆಗಳ ಕ್ರಮ ಇನ್ನೊಂದು ತುದಿಯಲ್ಲಿ ತಿರುಗುಮುರುಗು). ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಎರಡೂ ಕಡೆ 9000. ಲೇಟೆನ್ಸಿ (ಡೇಟಾ ತಲುಪುವ ತಡ) ಕಡಿಮೆ ಇರಲಿ ಅಂತ ಎಫ್‌ಇಸಿ (ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ತಿದ್ದುವ ವ್ಯವಸ್ಥೆ) ಆಫ್ ಇಟ್ಟಿದ್ದೇವೆ. ಐಪರ್ಫ್3 (ಲಿಂಕ್ ವೇಗ ಅಳೆಯುವ ಟೂಲ್) ಓಡಿಸಿದಾಗ 'ಬಿ' ಸರ್ವರ್‌ನಲ್ಲಿ ಮಾತ್ರ ಸಿಆರ್‌ಸಿ ಎರರ್ (ಕೆಟ್ಟು ತಲುಪಿದ ಫ್ರೇಮ್‌ಗಳ, ಅಂದರೆ ಡೇಟಾ ತುಂಡುಗಳ ಲೆಕ್ಕ) ಏರುತ್ತಾ ಹೋಗುತ್ತೆ, 'ಎ' ಕಡೆ ಸೊನ್ನೆ. ರಿಂಗ್ ಬಫರ್ (ಬಂದ ಪ್ಯಾಕೆಟ್‌ಗಳು ಕಾಯುವ ಜಾಗ) 8192 ಮಾಡಿದರೂ ಅಷ್ಟೇ. 'ಬಿ' ನೆಟ್‌ವರ್ಕ್ ಕಾರ್ಡ್ ಬದಲಿಸಬೇಕಾ?

ಉತ್ತರ 1:
ಕಾರ್ಡ್‌ಗೆ ಈಗಲೇ ಕೈ ಹಾಕಬೇಡಿ. ಸಿಆರ್‌ಸಿ ಎರರ್ ಲೆಕ್ಕಕ್ಕೆ ಬರೋದು ಫ್ರೇಮ್ ತಲುಪಿದ ಕಡೆ. ಅದು ಕೆಟ್ಟಿದ್ದು 'ಎ' ಲೇಸರ್‌ನಿಂದ 'ಬಿ' ರಿಸೀವರ್‌ವರೆಗೆ ಎಲ್ಲಾದರೂ ಆಗಿರಬಹುದು. ಬಫರ್ ಸಾಲದಿದ್ದರೆ ಏರೋದು ಡಿಸ್ಕಾರ್ಡ್ ಕೌಂಟರ್ (ಕೈಬಿಟ್ಟ ಪ್ಯಾಕೆಟ್‌ಗಳ ಲೆಕ್ಕ), ಸಿಆರ್‌ಸಿ ಅಲ್ಲ.

ಎಸ್‌ಆರ್4ಗೆ ಆರ್‌ಎಸ್-ಎಫ್‌ಇಸಿ (ಎಫ್‌ಇಸಿಯ ಒಂದು ಬಗೆ) ಸ್ಟ್ಯಾಂಡರ್ಡ್‌ನಲ್ಲೇ ಕಡ್ಡಾಯ. ಆಫ್ ಮಾಡಿ ಉಳಿಸೋದು ಸುಮಾರು 100 ನ್ಯಾನೋಸೆಕೆಂಡ್, ಅದಕ್ಕೆ ತೆರುವ ಬೆಲೆ ರೀಟ್ರಾನ್ಸ್‌ಮಿಟ್ (ಕೆಟ್ಟ ಡೇಟಾವನ್ನು ಮತ್ತೆ ಕಳಿಸೋದು). ಎಥ್‌ಟೂಲ್‌ನಲ್ಲಿ (ನೆಟ್‌ವರ್ಕ್ ಕಾರ್ಡ್ ಸೆಟ್ಟಿಂಗ್ ನೋಡುವ, ಬದಲಿಸುವ ಲಿನಕ್ಸ್ ಕಮಾಂಡ್) ಎರಡೂ ಕಡೆ ಆರ್‌ಎಸ್ ಹಾಕಿ. ಒಂದೇ ಕಡೆ ಹಾಕಿದರೆ ಲಿಂಕ್ ಏಳಲ್ಲ, ಹಾಗಾಗಿ ಈ ಲಿಂಕ್ ಮೇಲೆಯೇ ಲಾಗಿನ್ ಆಗಿ ಈ ಕೆಲಸ ಮಾಡಬೇಡಿ. ಆಮೇಲೆ 'ಬಿ'ಯಲ್ಲಿ 'ಎಥ್‌ಟೂಲ್ -ಎಂ' ಕೊಟ್ಟು ನಾಲ್ಕೂ ಲೇನ್‌ಗಳ ರಿಸೀವ್ ಪವರ್ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಲೇನ್ 1, 2, 4 ಎಲ್ಲವೂ -1 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಆಸುಪಾಸು. ಲೇನ್ 3 ಮಾತ್ರ -9.4. ಅಲಾರಂ ಏನೂ ಇಲ್ಲ. ಆರ್‌ಎಸ್ ಹಾಕಿದ ಮೇಲೆ ಸಿಆರ್‌ಸಿ ನಿಂತಿದೆ. ಇಷ್ಟಕ್ಕೆ ಬಿಡಬಹುದಾ?

ಉತ್ತರ 2:
ಬಿಡಬೇಡಿ. ಎಫ್‌ಇಸಿ ತಪ್ಪನ್ನು ತಿದ್ದುತ್ತಿದೆ, ತಪ್ಪು ಹುಟ್ಟೋದು ನಿಂತಿಲ್ಲ. ಎಸ್‌ಆರ್4 ರಿಸೀವರ್‌ನ ಕೆಳಮಿತಿ -10.3 ಡಿಬಿಎಂ, ಅದಕ್ಕೇ ಅಲಾರಂ ಬಂದಿಲ್ಲ. ಆದರೆ ಪಕ್ಕದ ಲೇನ್‌ಗಳಿಗೆ ಹೋಲಿಸಿದರೆ ಇಲ್ಲಿ ಸುಮಾರು ಏಳನೇ ಒಂದು ಭಾಗದಷ್ಟೇ ಬೆಳಕಿದೆ. ಡೇಟಾ ನಾಲ್ಕೂ ಲೇನ್‌ಗೆ ಹಂಚಿ ಹೋಗೋದರಿಂದ ಒಂದು ಲೇನ್ ಕೆಟ್ಟರೂ ಪೂರ್ತಿ ಫ್ರೇಮ್ ಹಾಳು.

ಮೊದಲು 'ಎ'ಯಲ್ಲಿ ಲೇನ್ 3ರ ಟ್ರಾನ್ಸ್‌ಮಿಟ್ ಪವರ್ ನೋಡಿ. ಉಳಿದ ಮೂರರಷ್ಟೇ ಇದ್ದರೆ ಬಹುಪಾಲು ಧೂಳೇ ಕಾರಣ. ಎಂಪಿಓ ಕ್ಲಿಕ್ ಕ್ಲೀನರ್‌ನಿಂದ ಕೇಬಲ್ ತುದಿ, ಮಾಡ್ಯೂಲ್ ಬಾಯಿ ಎರಡನ್ನೂ ಒರೆಸಿ. ಒಂದನ್ನೇ ಒರೆಸಿದರೆ ಇನ್ನೊಂದರ ಕೊಳೆ ಮತ್ತೆ ಅಂಟಿಕೊಳ್ಳುತ್ತೆ. ಬಟ್ಟೆ, ಟಿಶ್ಯೂ ಬೇಡ. 850 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಲ್ಲ, ಆನ್ ಇರುವ ಪೋರ್ಟ್‌ನೊಳಗೆ ಇಣುಕಬೇಡಿ. ಒಂದು ತುದಿ ಮುಗಿಸಿ ರೀಡಿಂಗ್ ನೋಡಿ, ಆಮೇಲೆ ಇನ್ನೊಂದು ತುದಿ.

ಆಗಲೂ ಏರದಿದ್ದರೆ ಕೇಬಲ್ಲನ್ನು ತುದಿ ಅದಲುಬದಲು ಮಾಡಿ ಹಾಕಿ. ಟೈಪ್ ಬಿ ಆಗಿರೋದರಿಂದ ಕೆಟ್ಟ ಎಳೆ ಈಗ 'ಬಿ'ಯಿಂದ 'ಎ'ಗೆ ಕಳಿಸುವ ದಾರಿಗೆ ಬರುತ್ತೆ. ಕಡಿಮೆ ರೀಡಿಂಗ್ 'ಎ'ಯ ಲೇನ್ 3ಕ್ಕೆ ಹೋದರೆ ಕೇಬಲ್ ಬದಲಿಸಿ. 'ಬಿ'ಯಲ್ಲೇ ಉಳಿದರೆ ಮಾಡ್ಯೂಲ್ ದೋಷ. ಎರಡು ಮಾಡ್ಯೂಲ್‌ಗಳಲ್ಲಿ ಒಂದನ್ನು ಮಾತ್ರ ಬದಲಿಸಿ ನೋಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಲ್ಲ.

ಕೊನೆಗೆ 'ಎಥ್‌ಟೂಲ್ -ಐ --ಷೋ-ಎಫ್‌ಇಸಿ' (ಐ ದೊಡ್ಡಕ್ಷರದ್ದು) ಕೊಟ್ಟು, ಹತ್ತು ನಿಮಿಷ ಐಪರ್ಫ್3 ಓಡಿಸಿ, ಮತ್ತೆ ಕೊಟ್ಟು ವ್ಯತ್ಯಾಸ ನೋಡಿ. ಹಳೇ ಲೆಕ್ಕ ಅಲ್ಲೇ ಇರುತ್ತೆ, ಒಟ್ಟು ಸಂಖ್ಯೆ ನೋಡಿ ಗಾಬರಿ ಬೇಡ. ತಿದ್ದಿದ ಬ್ಲಾಕ್ ಸ್ವಲ್ಪ ಏರಬಹುದು, ತಿದ್ದಲಾಗದ ಬ್ಲಾಕ್ ಒಂದೂ ಏರಬಾರದು.